ಕೌನ್ಸೆಲಿಂಗ್ ಎಂಎಸ್ಸಿ: ತರಗತಿಯ ಆಚೆ ವಿದ್ಯಾರ್ಥಿಗೆ ಏನೇನು ಸಿಗಬೇಕು?

2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಂದು ಸೂಚನೆ ಹೊರಡಿಸಿತು. ಆ ವರ್ಷದ ಜುಲೈ–ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರದ ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸುವಂತಿಲ್ಲ ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಇದರ ಬಿಸಿ ತಟ್ಟಿದ್ದು ಕೆಲಸ ಬಿಡಲಾಗದ, ಮನೆಯ ಜವಾಬ್ದಾರಿ ಇಳಿಸಲಾಗದ, ಆದರೂ ಕೌನ್ಸೆಲಿಂಗ್ ಓದಬೇಕೆಂದಿದ್ದ ಜನರಿಗೆ. ಪುಸ್ತಕ ಓದಿ ಪರೀಕ್ಷೆ ಬರೆಯುವುದಕ್ಕೆ ಕಾಲೇಜಿಗೇ ಏಕೆ ಹೋಗಬೇಕು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

ಪುಸ್ತಕ ಮತ್ತು ಪರೀಕ್ಷೆ ಈ ಓದಿನ ಒಂದು ಭಾಗ ಮಾತ್ರ. ಇನ್ನೊಂದು ಭಾಗ ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ, ನಿಜವಾದ ಸಂಕಟ ಹೊತ್ತು ಬಂದವರ ಎದುರು. ಅದನ್ನು ಯಾರೂ ಒಬ್ಬಂಟಿಯಾಗಿ ಕಲಿಯಲಾರರು. ಕಲಿಯುವವರಿಗೆ ಯಾವ ಆಸರೆ ಬೇಕು, ಬೇರೆ ಬೇರೆ ದೇಶಗಳು ಅದನ್ನು ಹೇಗೆ ನಿಯಮ ಮಾಡಿಕೊಂಡಿವೆ, ನಮ್ಮೂರಿನಲ್ಲಿ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕೆಲವು ಪದಗಳು

ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ಆಪ್ತ ಸಮಾಲೋಚನೆ ಎಂಬ ಒಳ್ಳೆಯ ಪದ ಚಾಲ್ತಿಯಲ್ಲಿದೆ. ಬರುವವರನ್ನು ರೋಗಿ ಎನ್ನುವುದಿಲ್ಲ, ಕ್ಲೈಂಟ್ ಎನ್ನುತ್ತಾರೆ. ಒಂದು ಭೇಟಿಗೆ ಸೆಷನ್ ಎಂದು ಹೆಸರು, ಅವಧಿ ಸಾಮಾನ್ಯವಾಗಿ 50 ನಿಮಿಷ.

ಓದಿನ ನಡುವೆ ವಿದ್ಯಾರ್ಥಿಗಳು ಶಾಲೆ, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆಗಳಿಗೆ ಹೋಗಿ ನಿಜವಾದ ಕ್ಲೈಂಟ್‌ಗಳನ್ನು ನೋಡುತ್ತಾರೆ. ಅಮೆರಿಕದಲ್ಲಿ ಇದರ ಮೊದಲ ಹಂತಕ್ಕೆ ಪ್ರಾಕ್ಟಿಕಮ್, ಮುಂದಿನ ಹಂತಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಇದಕ್ಕೇ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಪ್ಲೇಸ್‌ಮೆಂಟ್ ಎಂದರೆ ಓದು ಮುಗಿದ ಮೇಲೆ ಸಿಗುವ ನೌಕರಿ. ವಿದೇಶಿ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ‘ಪ್ಲೇಸ್‌ಮೆಂಟ್ ಖಚಿತ’ ಎಂದಿದ್ದರೆ ಕೆಲಸ ಗ್ಯಾರಂಟಿ ಎಂದುಕೊಳ್ಳಬೇಡಿ. ಅಲ್ಲಿ ಅದು ಸಂಬಳವಿಲ್ಲದ ಅಭ್ಯಾಸದ ಜಾಗ.

ಕ್ಲೈಂಟ್ ಎದುರು ಕುಳಿತ ಸಮಯವನ್ನಷ್ಟೇ ‘ನೇರ ಗಂಟೆ’ ಎಂದು ಲೆಕ್ಕ ಹಿಡಿಯುತ್ತಾರೆ. ಟಿಪ್ಪಣಿ ಬರೆದದ್ದು, ಮೀಟಿಂಗಿಗೆ ಹೋದದ್ದು ಅದರಲ್ಲಿ ಸೇರುವುದಿಲ್ಲ. ಕೊನೆಯ ಪದ ಸೂಪರ್‌ವಿಷನ್. ಕಾರ್ಖಾನೆಯ ಸೂಪರ್‌ವೈಸರ್ ನೆನಪಾಗುವ ಪದವಿದು. ಇಲ್ಲಿ ಅದರ ಅರ್ಥವೇ ಬೇರೆ: ಅನುಭವಸ್ಥ ಸಮಾಲೋಚಕರೊಬ್ಬರು ವಿದ್ಯಾರ್ಥಿಯ ಸೆಷನ್‌ಗಳನ್ನು ನಿಯಮಿತವಾಗಿ ಅವರೊಂದಿಗೆ ಕುಳಿತು ಬಿಡಿಸಿ ನೋಡುವುದು.

ಹೊಸಬರಿಗೆ ಎಲ್ಲಿ ಕಷ್ಟವಾಗುತ್ತದೆ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ಅವರು ಒತ್ತುತ್ತಾರೆ. ಕೌನ್ಸೆಲಿಂಗ್ ಕೋಣೆಯಲ್ಲಿ ಪಕ್ಕದ ಸೀಟು ಖಾಲಿ. ಗುರುಗಳ ಮಾತು ಸಿಗುವುದು ಎರಡು ಮೂರು ದಿನ ಕಳೆದ ಮೇಲೆ. ಅಲ್ಲಿಯವರೆಗೆ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿಯ ತೀರ್ಮಾನ.

ಮೊದಲ ತಿಂಗಳುಗಳಲ್ಲಿ ಎಲ್ಲ ದೇಶಗಳಲ್ಲೂ ಕಾಣುವ ತೊಂದರೆಗಳು ಹೆಚ್ಚುಕಡಿಮೆ ಒಂದೇ. ಕ್ಲೈಂಟ್ ಮಾತು ನಿಲ್ಲಿಸಿದರೆ ಗಾಬರಿಯಾಗಿ ಇನ್ನೊಂದು ಪ್ರಶ್ನೆ ಎಸೆಯುತ್ತಾರೆ. ಅಳು ಬರುವ ಹೊತ್ತಿಗೆ ‘ಎಲ್ಲ ಸರಿಹೋಗುತ್ತೆ ಬಿಡಿ’ ಎಂದುಬಿಡುತ್ತಾರೆ. ಕ್ಲೈಂಟ್ ಎರಡನೇ ಸಲ ಬರದಿದ್ದರೆ ತನ್ನದೇ ತಪ್ಪು ಎಂದು ಕೊರಗುತ್ತಾರೆ. ಎಲ್ಲಕ್ಕಿಂತ ಕಠಿಣವಾದದ್ದು, ಕ್ಲೈಂಟ್ ಹೇಳಿದ ಕಥೆ ತನ್ನ ಮನೆಯ ಕಥೆಯನ್ನೇ ಹೋಲುವುದು. ಕುಡಿತದ ತಂದೆಯ ನೆರಳಿನಲ್ಲಿ ಬೆಳೆದ ವಿದ್ಯಾರ್ಥಿಯ ಮುಂದೆ ಅಂಥದ್ದೇ ಮನೆಯ ಹುಡುಗ ಕುಳಿತಾಗ, ಕೇಳುತ್ತಿರುವುದು ಅವನ ಮಾತೋ ತನ್ನ ನೆನಪೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಗುಟ್ಟು ಕಾಯಬೇಕಾದ್ದರಿಂದ ಮನೆಯಲ್ಲಿ ಹೇಳಿಕೊಳ್ಳುವಂತೆಯೂ ಇಲ್ಲ.

ಇದನ್ನು ವಿದ್ಯಾರ್ಥಿಯ ದೌರ್ಬಲ್ಯ ಎಂದು ನೋಡಿದರೆ ದಾರಿ ತಪ್ಪುತ್ತೇವೆ. ಇಲ್ಲಿ ಉಪಕರಣವೇ ಮನುಷ್ಯ. ವಿದ್ಯಾರ್ಥಿಗೆ ಸಿಗುವ ಆಸರೆ ಮುಂದೆ ಕುಳಿತ ಕ್ಲೈಂಟ್‌ನ ಸುರಕ್ಷತೆಗೂ ಸೇರಿದ್ದು.

ಒಳ್ಳೆಯ ಸೂಪರ್‌ವಿಷನ್ ಹೇಗಿರುತ್ತದೆ

ಎಲ್ಲ ಬೆಂಬಲಗಳಲ್ಲಿ ಇದೇ ಬೆನ್ನೆಲುಬು. ಹಾಗಾಗಿ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ವಿದ್ಯಾರ್ಥಿ ಬರಿಗೈಯಲ್ಲಿ ಬರುವುದಿಲ್ಲ. ಕ್ಲೈಂಟ್‌ನ ಲಿಖಿತ ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಸೆಷನ್‌ನಿಂದ ಐದಾರು ನಿಮಿಷದ ತುಣುಕೊಂದನ್ನು ಆರಿಸಿ, ‘ಇಲ್ಲಿ ನಾನು ಏಕೆ ಮಾತು ಬದಲಿಸಿದೆ?’ ಎಂಬಂಥ ಒಂದು ಪ್ರಶ್ನೆಯನ್ನು ಬರೆದುಕೊಂಡು ಬರುತ್ತಾರೆ. ನೆನಪಿನಿಂದ ಹೇಳುವುದಕ್ಕಿಂತ ಧ್ವನಿಮುದ್ರಿಕೆ ಏಕೆ ಮೇಲು ಎಂದರೆ, ನೆನಪು ನಮಗೆ ಅನುಕೂಲವಾದದ್ದನ್ನು ಉಳಿಸಿಕೊಳ್ಳುತ್ತದೆ. ಮುದ್ರಿಕೆಯಲ್ಲಿ ಕ್ಲೈಂಟ್‌ನ ಹೆಸರು ಇರಬಾರದು, ಫೋನಿನ ಕ್ಲೌಡ್ ಬ್ಯಾಕಪ್ ಬಂದ್ ಆಗಿರಬೇಕು, ವಾಟ್ಸ್ಆ್ಯಪ್‌ನಲ್ಲಿ ಕಳಿಸಲೇಬಾರದು, ಚರ್ಚೆ ಮುಗಿದ ಮೇಲೆ ಅಳಿಸಬೇಕು. ಹೊಸಬರು ಹೆಚ್ಚಾಗಿ ಎಡವುವುದು ಬ್ಯಾಕಪ್ ವಿಷಯದಲ್ಲಿ. ಅವರಿಗೇ ಗೊತ್ತಿಲ್ಲದೆ ಸೆಷನ್ ಮನೆಯವರೆಲ್ಲ ಬಳಸುವ ಖಾತೆಗೆ ಹೋಗಿ ಕೂತಿರುತ್ತದೆ.

ಒಂದು ಗಂಟೆಯನ್ನು ಹೀಗೆ ಹಂಚಬಹುದು. ಮೊದಲ 5 ನಿಮಿಷ, ಎಲ್ಲ ಕ್ಲೈಂಟ್‌ಗಳಲ್ಲಿ ಯಾರಿಗಾದರೂ ಜೀವಕ್ಕೆ ಅಪಾಯವಿದೆಯೇ ಎಂಬ ವಿಚಾರಣೆ. ಆಮೇಲೆ 10 ನಿಮಿಷ ಒಬ್ಬ ಕ್ಲೈಂಟ್‌ನ ಹಿನ್ನೆಲೆ. 20 ನಿಮಿಷ ಮುದ್ರಿಕೆ ಕೇಳುತ್ತ, ನಿಲ್ಲಿಸುತ್ತ ಚರ್ಚೆ. 10 ನಿಮಿಷ ಆ ಘಳಿಗೆಯನ್ನೇ ಮತ್ತೆ ಆಡಿ ನೋಡುವುದು: ಸೂಪರ್‌ವೈಸರ್ ಕ್ಲೈಂಟ್ ಆಗುತ್ತಾರೆ, ವಿದ್ಯಾರ್ಥಿ ಬೇರೆ ಮಾತು ಪ್ರಯತ್ನಿಸುತ್ತಾರೆ. ಇನ್ನು 10 ನಿಮಿಷ, ವಿದ್ಯಾರ್ಥಿಯ ಒಳಗೆ ಏನಾಗುತ್ತಿದೆ ಎಂಬುದಕ್ಕೆ. ಕೊನೆಯ 5 ನಿಮಿಷದಲ್ಲಿ ಮುಂದಿನ ಸೆಷನ್‌ಗೆ ಏನು ಎಂದು ತೀರ್ಮಾನಿಸಿ ಬರೆದಿಡುವುದು. ನಿಮಿಷಗಳು ಆಚೀಚೆಯಾದರೆ ತೊಂದರೆಯಿಲ್ಲ. ಮೊದಲನೆಯ ಮತ್ತು ಕೊನೆಯ ಐದು ನಿಮಿಷ ಮಾತ್ರ ತಪ್ಪಬಾರದು.

ಈ ಗಂಟೆಯಲ್ಲಿ ಸೂಪರ್‌ವೈಸರ್ ಮೂರು ಪಾತ್ರ ವಹಿಸುತ್ತಾರೆ ಎಂದು ಅಮೆರಿಕದ ಜನೀನ್ ಬರ್ನಾರ್ಡ್ 1979ರಲ್ಲೇ ವಿವರಿಸಿದ್ದರು: ಕಲಿಸುವ ಗುರು, ಮನಸ್ಸನ್ನು ವಿಚಾರಿಸುವ ಸಮಾಲೋಚಕ, ಜೊತೆಗೆ ಯೋಚಿಸುವ ಸಲಹೆಗಾರ. ಯಾವ ಹೊತ್ತಿಗೆ ಯಾವ ಪಾತ್ರ ಎಂದು ಅರಿಯುವುದೇ ಜಾಣ್ಮೆ. ಮೂರನೇ ವಾರದ ವಿದ್ಯಾರ್ಥಿಗೆ ‘ನಿನಗೇನನ್ನಿಸುತ್ತೆ?’ ಎಂದು ಪದೇಪದೇ ಕೇಳಿದರೆ ಅವರು ಇನ್ನಷ್ಟು ಕಂಗೆಡುತ್ತಾರೆ. ಆಗ ನೇರವಾಗಿ ತೋರಿಸಿಕೊಡಬೇಕು.

ಎಲ್ಲಿ ಕೆಡುತ್ತದೆ? ಸೂಪರ್‌ವಿಷನ್ ಬರೀ ಹಾಜರಿ ಪುಸ್ತಕವಾದಾಗ, ‘ಎಷ್ಟು ಗಂಟೆ ಆಯ್ತು, ಸಹಿ ಎಲ್ಲಿ?’ ಎನ್ನುವಲ್ಲಿಗೆ ಮುಗಿದಾಗ. ಇಪ್ಪತ್ತೈದು ಜನರನ್ನು ಒಟ್ಟಿಗೆ ಕೂರಿಸಿದಾಗ. ಅಥವಾ ಅದೇ ವ್ಯಕ್ತಿ ಅಂಕವನ್ನೂ ಹಾಕುವವರಾದಾಗ. ಅಂಕದ ಭಯವಿದ್ದಲ್ಲಿ ತಪ್ಪುಗಳು ಬಾಯಿಬಿಡುವುದಿಲ್ಲ. ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತರಬೇತಿಯಲ್ಲಿದ್ದವರ ಪೈಕಿ ನೂರಕ್ಕೆ 97 ಜನ ಸೂಪರ್‌ವೈಸರ್‌ನಿಂದ ಏನನ್ನಾದರೂ ಮುಚ್ಚಿಟ್ಟದ್ದಾಗಿ ಹೇಳಿದ್ದರು. ಇದಕ್ಕೆ ಮದ್ದು, ಯಾವುದಕ್ಕೆ ಅಂಕ ಮತ್ತು ಯಾವುದಕ್ಕೆ ಇಲ್ಲ ಎಂದು ಮೊದಲೇ ಬರೆದು ಕೊಡುವುದು. ತಪ್ಪು ಮಾಡಿದ್ದಕ್ಕೆ ಅಂಕ ಕಳೆಯುವುದಿಲ್ಲ, ಮುಚ್ಚಿಟ್ಟರೆ ಗಂಭೀರವಾಗಿ ಪರಿಗಣಿಸುತ್ತೇವೆ ಎಂಬ ಒಂದು ವಾಕ್ಯವಿದ್ದರೂ ಬಹಳ ವ್ಯತ್ಯಾಸವಾಗುತ್ತದೆ.

ಗಂಟೆಗಳ ಲೆಕ್ಕ, ದೇಶ ದೇಶಗಳಲ್ಲಿ

ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ನೀಡುವ ಪ್ರಮುಖ ಸಂಸ್ಥೆ ಕೇಕ್ರೆಪ್, ಆರಂಭವಾದದ್ದು 1981ರಲ್ಲಿ. ಅದರ ನಿಯಮದ ಪ್ರಕಾರ ಪ್ರಾಕ್ಟಿಕಮ್ ಕನಿಷ್ಠ 100 ಗಂಟೆ, ಅದರಲ್ಲಿ 40 ನೇರ ಗಂಟೆ. ಇಂಟರ್ನ್‌ಶಿಪ್ 600 ಗಂಟೆ, ಅದರಲ್ಲಿ 240 ನೇರ ಗಂಟೆ. ಈ ಅವಧಿಯುದ್ದಕ್ಕೂ ವಾರಕ್ಕೆ ಸರಾಸರಿ 1 ಗಂಟೆ ಒಬ್ಬರಿಗೆ ಅಥವಾ ಇಬ್ಬರಿಗೆ ಮೀಸಲಾದ ಸೂಪರ್‌ವಿಷನ್, ಜೊತೆಗೆ ಸರಾಸರಿ ಒಂದೂವರೆ ಗಂಟೆ ಗುಂಪಿನಲ್ಲಿ. ಗುಂಪಿನಲ್ಲಿ 12 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಒಂದೂವರೆ ಗಂಟೆಯನ್ನು 12 ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಸಿಗುವುದು ಏಳೂವರೆ ನಿಮಿಷ. ಇಪ್ಪತ್ತೈದು ಜನರಿದ್ದರೆ ಏನಾದೀತು ಎಂದು ನೀವೇ ಲೆಕ್ಕ ಹಾಕಿ.

ಬ್ರಿಟನ್‌ನಲ್ಲಿ ‘ಕೌನ್ಸೆಲರ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ. ‘ಕೌನ್ಸೆಲಿಂಗ್ ಸೈಕಾಲಜಿಸ್ಟ್’ ಎಂಬುದಕ್ಕೆ ಇದೆ. ಅಲ್ಲಿನ ದೊಡ್ಡ ವೃತ್ತಿ ಸಂಘವಾದ ಬಿಎಸಿಪಿ ತರಬೇತಿಯಲ್ಲಿ ಕನಿಷ್ಠ 100 ಗಂಟೆ ಕ್ಲೈಂಟ್ ಕೆಲಸ ಬಯಸುತ್ತದೆ. ಕಲಿತು ಮುಗಿದ ಮೇಲೂ ಅದರ ಮಾನ್ಯತೆ ಪಡೆದವರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ತಪ್ಪುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸೈಕೋಥೆರಪಿಸ್ಟ್ ಆಗಿ ಪೂರ್ಣ ನೋಂದಣಿಗೆ 450 ನೇರ ಗಂಟೆ ಮತ್ತು 100 ಗಂಟೆ ಸೂಪರ್‌ವಿಷನ್ ಬೇಕು. ಮಲೇಷ್ಯಾ 1998ರಲ್ಲೇ ಕೌನ್ಸೆಲರ್‌ಗಳಿಗೆಂದು ಕಾಯ್ದೆ ಮಾಡಿ ನೋಂದಣಿ ಕಡ್ಡಾಯಗೊಳಿಸಿತು. ಕೆನ್ಯಾದಲ್ಲಿ ಇಂಥ ಕಾಯ್ದೆ ಬಂದದ್ದು 2014ರಲ್ಲಿ.

ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿ 1992ರ ಕಾಯ್ದೆಯಡಿ ಬರುವ ಭಾರತೀಯ ಪುನರ್ವಸತಿ ಪರಿಷತ್ತಿನದು. ಕೌನ್ಸೆಲಿಂಗ್ ಎಂಎಸ್ಸಿ ಮಾತ್ರ ಮುಗಿಸಿದವರು ಆ ಪಟ್ಟಿಗೆ ಸೇರುವುದಿಲ್ಲ. ಪ್ರವೇಶ ಪಡೆಯುವ ಮೊದಲೇ ಇದು ಗೊತ್ತಿರಬೇಕು. ಇತರ ಸೈಕಾಲಜಿಸ್ಟ್‌ಗಳನ್ನೂ ಕೆಲವು ಬಗೆಯ ಕೌನ್ಸೆಲರ್‌ಗಳನ್ನೂ ಹೆಸರಿಸಿದ್ದು 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ. ಯುಜಿಸಿ ದೂರಶಿಕ್ಷಣ ನಿಲ್ಲಿಸಿದ್ದೂ ಈ ಕಾಯ್ದೆಯ ವ್ಯಾಪ್ತಿಯನ್ನು ಆಧರಿಸಿಯೇ.

ಕಾಗದದ ಮೇಲಿನ ಗಂಟೆಯೇ ಬೇರೆ, ದಿನಚರಿಯೇ ಬೇರೆ. ಅಮೆರಿಕದ ಲೆಕ್ಕದ 240 ನೇರ ಗಂಟೆಯನ್ನು 15 ವಾರಗಳ ಎರಡು ಸೆಮಿಸ್ಟರ್‌ಗೆ ಹಂಚಿದರೆ ವಾರಕ್ಕೆ 8. ನಾಲ್ವರಲ್ಲಿ ಒಬ್ಬರು ಬರಲಿಲ್ಲವೆಂದುಕೊಂಡರೆ ವಾರಕ್ಕೆ 11 ಜನರಿಗೆ ಸಮಯ ಕೊಟ್ಟಿರಬೇಕು. ಪ್ರತಿ ಸೆಷನ್‌ಗೆ ಕಾಲು ಗಂಟೆ ಟಿಪ್ಪಣಿ, ಮುದ್ರಿಕೆ ಕೇಳುವುದು, ಮೇಲೆ ಓಡಾಟ. ಬೆಂಗಳೂರಿನ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದರೆ ಇನ್ನೊಂದು ಪೇಚು. ಜೂನ್‌ನಲ್ಲಿ ಶುರುವಾಗಿ ಮಕ್ಕಳ ಪರಿಚಯವಾಗುವಷ್ಟರಲ್ಲಿ ಪರೀಕ್ಷೆ, ಆಮೇಲೆ ದಸರಾ ರಜೆ. ಏಪ್ರಿಲ್, ಮೇ ಬಹುಪಾಲು ಖಾಲಿ. ಆದ್ದರಿಂದ ಶಾಲೆಯೊಂದನ್ನೇ ನಂಬದೆ, ವರ್ಷವಿಡೀ ತೆರೆದಿರುವ ಒಂದು ಕೇಂದ್ರವನ್ನೂ ಜೊತೆಗೆ ಇಟ್ಟುಕೊಳ್ಳುವುದು ಜಾಣತನ. ಗಂಟೆ ತುಂಬದ ಆತಂಕದಲ್ಲಿ ಸುಳ್ಳು ಗಂಟೆ ಬರೆಯುವ ಆಸೆ ಹುಟ್ಟುವುದು ಇಲ್ಲಿಯೇ. ಸೆಮಿಸ್ಟರ್ ಮುಗಿದ ಮೇಲೂ ಗಂಟೆ ಪೂರೈಸಲು ಕಾಲಾವಕಾಶ ಕೊಡುವ ನಿಯಮವಿದ್ದರೆ ಆ ಒತ್ತಡ ತಾನಾಗಿಯೇ ಇಳಿಯುತ್ತದೆ.

ತಾನೇ ಕ್ಲೈಂಟ್ ಆಗಿ ಕೂರುವುದು

ವೀಣೆ ಎತ್ತಿಕೊಂಡವರು ಮೊದಲು ಶ್ರುತಿ ಮಾಡಿಕೊಳ್ಳುತ್ತಾರೆ. ಸಮಾಲೋಚಕರ ವಿಷಯದಲ್ಲಿ ಆ ಕೆಲಸ ಮಾಡುವುದು ಸ್ವಂತ ಥೆರಪಿ, ಅಂದರೆ ವಿದ್ಯಾರ್ಥಿಯೇ ಇನ್ನೊಬ್ಬ ಸಮಾಲೋಚಕರ ಬಳಿ ಹೋಗುವುದು. ಬ್ರಿಟನ್‌ನಲ್ಲಿ ಕೌನ್ಸೆಲಿಂಗ್ ಸೈಕಾಲಜಿಯ ಡಾಕ್ಟರೇಟ್ ತರಬೇತಿಗೆ 40 ಗಂಟೆ ಸ್ವಂತ ಥೆರಪಿ ರೂಢಿಯಲ್ಲಿರುವ ಅಳತೆ. ಅಮೆರಿಕದ ಕೇಕ್ರೆಪ್ ನಿಯಮ ಕೇಳುವುದು ಬೇರೆ: ಪ್ರತಿ ವಿದ್ಯಾರ್ಥಿಯೂ ಕನಿಷ್ಠ 10 ಗಂಟೆ ಒಂದು ಸಣ್ಣ ಗುಂಪಿನ ಸದಸ್ಯರಾಗಿ ಕುಳಿತಿರಬೇಕು.

ಇದರ ಖರ್ಚು ಸಾಮಾನ್ಯವಾಗಿ ವಿದ್ಯಾರ್ಥಿಯದೇ. ಬೆಂಗಳೂರಿನಲ್ಲಿ ಒಂದು ಸೆಷನ್‌ಗೆ 1,500 ರೂಪಾಯಿ ಎಂದಿಟ್ಟುಕೊಂಡರೂ 40 ಸೆಷನ್‌ಗೆ 60,000. ಶುಲ್ಕದ ಪಟ್ಟಿಯಲ್ಲಿ ಕಾಣದ ಖರ್ಚು ಇದು. ಇನ್ನೊಂದು ಎಚ್ಚರ: ಕಾಲೇಜಿನ ಮೇಷ್ಟ್ರೇ ಥೆರಪಿಸ್ಟ್ ಆಗಬಾರದು. ಪಾಠ ಹೇಳಿ, ಅಂಕ ಹಾಕಿ, ಮನಸ್ಸಿನ ಗುಟ್ಟನ್ನೂ ಕೇಳಿಸಿಕೊಂಡರೆ ಮೂರೂ ಕೆಡುತ್ತವೆ. ಒಳ್ಳೆಯ ವಿಭಾಗಗಳು ಹೊರಗಿನ ಸಮಾಲೋಚಕರ ಪಟ್ಟಿಯೊಂದನ್ನು ಇಟ್ಟುಕೊಂಡು, ಕಡಿಮೆ ದರದಲ್ಲಿ ನೋಡುವಂತೆ ಮಾತಾಡಿಕೊಂಡಿರುತ್ತವೆ.

ಸಂಬಳವಿಲ್ಲದ ದುಡಿಮೆಯ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. ಆಸ್ಟ್ರೇಲಿಯಾ ಸರ್ಕಾರ 2025ರ ಜುಲೈ 1ರಿಂದ ಕಡ್ಡಾಯ ಪ್ಲೇಸ್‌ಮೆಂಟ್‌ನಲ್ಲಿರುವ ವಿದ್ಯಾರ್ಥಿಗಳಿಗೆ, ಆದಾಯದ ಮಿತಿಗೆ ಒಳಪಟ್ಟು, ವಾರಕ್ಕೆ 331.65 ಡಾಲರ್ ಕೊಡಲು ಶುರುಮಾಡಿತು. ಅದು ಶಿಕ್ಷಕ ತರಬೇತಿ, ನರ್ಸಿಂಗ್, ಸೂಲಗಿತ್ತಿ ತರಬೇತಿ ಮತ್ತು ಸಮಾಜಕಾರ್ಯ ಓದುವವರಿಗೆ. ಕೌನ್ಸೆಲಿಂಗ್ ಆ ಪಟ್ಟಿಯಲ್ಲಿಲ್ಲ.

ಇಂಗ್ಲಿಷಿನಲ್ಲಿ ಕಲಿತು ಕನ್ನಡದಲ್ಲಿ ಕೇಳುವುದು

ಬೆಂಗಳೂರಿನ ವಿದ್ಯಾರ್ಥಿಗೆ ಮಾತ್ರ ಗೊತ್ತಾಗುವ ಕಷ್ಟವಿದು. ಪಠ್ಯವೆಲ್ಲ ಇಂಗ್ಲಿಷಿನಲ್ಲಿ, ಸೂಪರ್‌ವಿಷನ್ ಇಂಗ್ಲಿಷಿನಲ್ಲಿ. ಎದುರು ಬಂದು ಕೂತವರು ಹೇಳುವುದು ‘ಎದೆ ಭಾರ ಆಗಿದೆ ಮೇಡಂ’, ‘ತಲೆಬಿಸಿ’, ‘ಮನಸ್ಸಿಗೆ ಹಚ್ಕೊಂಡ್ಬಿಟ್ಟಿದೀನಿ’, ‘ಹೊಟ್ಟೆ ಒಳಗೆ ಏನೋ ಸಂಕಟ’. ಇವುಗಳನ್ನು ಆಂಗ್ಸೈಟಿ, ಡಿಪ್ರೆಷನ್ ಎಂದು ತಟ್ಟನೆ ಅನುವಾದಿಸಿಬಿಟ್ಟರೆ ಅರ್ಧ ಕಥೆ ಕಳೆದುಹೋಗುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳುವುದು ಎಂಬ ಮಾತಿನೊಳಗೆ ಯಾರೋ ಏನೋ ಅಂದಿದ್ದಾರೆ ಎಂಬ ಸುಳಿವಿದೆ. ಖಿನ್ನತೆ ಎಂಬ ಪದದಲ್ಲಿ ಆ ಇನ್ನೊಬ್ಬ ವ್ಯಕ್ತಿಯೇ ಇಲ್ಲ.

ಕೆಲವು ಮಾತುಗಳಲ್ಲಿ ತಪ್ಪು ತಿಳಿದರೆ ಅಪಾಯ. ‘ಎಲ್ಲಾದ್ರೂ ಹೊರಟುಹೋಗ್ಬೇಕು ಅನ್ಸುತ್ತೆ’ ಎಂಬುದು ದಣಿವಿನ ಮಾತಿರಬಹುದು, ಸಾಯುವ ಯೋಚನೆಯೂ ಇರಬಹುದು. ಊಹಿಸದೆ ಕೇಳಬೇಕು: ‘ಸಾಯ್ಬೇಕು ಅಂತ ಅನ್ಸುತ್ತಾ? ಹೇಗೆ ಅಂತ ಯೋಚ್ನೆ ಮಾಡಿದೀರಾ?’ ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಸರಾಗವಾಗಿ ಬರುವ ಈ ಪ್ರಶ್ನೆ ಕನ್ನಡದಲ್ಲಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲ ಕ್ಲೈಂಟ್‌ಗಿಂತ ಮುಂಚೆ ಸಹಪಾಠಿಗಳೊಂದಿಗೆ ಹತ್ತು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಸಬೇಕು.

ನೀನು, ನೀವು ಎಂಬುದೂ ಸಣ್ಣ ವಿಷಯವಲ್ಲ. ಹದಿನಾರರ ಹುಡುಗಿಗೆ ‘ನೀವು’ ಎಂದರೆ ದೂರವಾಗಬಹುದು, ‘ನೀನು’ ಎಂದರೆ ಶಾಲೆಯ ಮಿಸ್ ಎಂದೆನಿಸಬಹುದು. ಹೇಗೆ ಕರೆಯಲಿ ಎಂದು ಅವಳನ್ನೇ ಕೇಳುವುದು ಒಳ್ಳೆಯದು. ಐವತ್ತರ ಹೆಂಗಸೊಬ್ಬರು ‘ನಿಂಗೆ ಮದುವೆ ಆಗಿದ್ಯೇನಮ್ಮಾ?’ ಎಂದಾಗ ಅದರ ಹಿಂದಿರುವುದು ‘ನನ್ನ ಕಷ್ಟ ನಿನಗೆ ಅರ್ಥವಾದೀತೇ?’ ಎಂಬ ಅನುಮಾನ. ಉತ್ತರ ಕೊಡಬೇಕಾದದ್ದು ಆ ಅನುಮಾನಕ್ಕೆ.

ತಮಿಳು, ತೆಲುಗು, ಉರ್ದು ಮಾತಾಡುವ ಕ್ಲೈಂಟ್ ಬಂದಾಗ ಮನೆಯವರನ್ನೇ ದುಭಾಷಿ ಮಾಡಿಕೊಳ್ಳುವುದು ಸಾಮಾನ್ಯ ತಪ್ಪು. ಸೊಸೆಯ ದೂರನ್ನು ಅತ್ತೆಯ ಬಾಯಲ್ಲಿ ಕೇಳಿದರೆ ಸಿಗುವುದು ಅತ್ತೆಯ ಕಥೆ. ಸೂಪರ್‌ವಿಷನ್‌ಗೆ ಬರೆದುಕೊಂಡು ಹೋಗುವಾಗ ಕ್ಲೈಂಟ್‌ನ ಮಾತನ್ನು ಅವರ ಭಾಷೆಯಲ್ಲೇ ಇದ್ದದ್ದು ಇದ್ದಂತೆ ಬರೆದು, ಇಂಗ್ಲಿಷ್ ಅರ್ಥವನ್ನು ಕೆಳಗೆ ಕೊಡಬೇಕು. ಮೂಲ ಮಾತು ಕಣ್ಣೆದುರಿಗಿದ್ದರೆ ಸೂಪರ್‌ವೈಸರ್‌ಗೂ ತಿದ್ದಲು ದಾರಿಯಾಗುತ್ತದೆ.

ಹೊರದೇಶದಲ್ಲಿ ಓದುವವರಿಗೆ

ಇಲ್ಲಿಂದ ಅಮೆರಿಕಕ್ಕೆ ಹೋಗುವವರು ವೀಸಾ ಲೆಕ್ಕವನ್ನು ಮೊದಲೇ ಹಾಕಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ಸಿನ ಹೊರಗೆ ಇಂಟರ್ನ್‌ಶಿಪ್ ಆರಂಭಿಸುವ ಮೊದಲು ಸಿಪಿಟಿ, ಅಂದರೆ ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ, ಕೈಯಲ್ಲಿರಬೇಕು. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅವಕಾಶ, ಹೋಗುತ್ತದೆ. ಒಪಿಟಿ ಸಿಗುವುದು 12 ತಿಂಗಳು. ಲೈಸೆನ್ಸಿಗೆ ಬೇಕಾದ ಪದವಿಯ ನಂತರದ ಗಂಟೆಗಳಿಗೆ ಅನೇಕ ರಾಜ್ಯಗಳಲ್ಲಿ ಎರಡು ವರ್ಷ ಹಿಡಿಯುತ್ತದೆ. ಈ ಎರಡರ ನಡುವಿನ ಕಂದರಕ್ಕೆ ಬಿದ್ದವರು ಲೈಸೆನ್ಸ್ ಇಲ್ಲದೆ ವಾಪಸ್ ಬರಬೇಕಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾದವರು ಪಾಠ ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಕೋರ್ಸಿನ ಕಡ್ಡಾಯ ಪ್ಲೇಸ್‌ಮೆಂಟ್ ಈ ಮಿತಿಗೆ ಸೇರುವುದಿಲ್ಲ. ಮಕ್ಕಳೊಂದಿಗೆ ಕೆಲಸ ಮಾಡಲು ಅಲ್ಲೂ ಬ್ರಿಟನ್‌ನಲ್ಲೂ ಹಿನ್ನೆಲೆ ತಪಾಸಣೆ ಆಗಬೇಕು, ಭಾರತದ ಪೊಲೀಸ್ ಪ್ರಮಾಣಪತ್ರವನ್ನೂ ಕೇಳಬಹುದು. ಊರು ಬಿಡುವ ಮೊದಲೇ ಮಾಡಿಸಿಟ್ಟುಕೊಂಡರೆ ವಾರಗಳು ಉಳಿಯುತ್ತವೆ.

ಆಮೇಲೆ ಸ್ಥಳೀಯ ತಿಳಿವಳಿಕೆ. ಕ್ಲೈಂಟ್ ಮನೆ ಬಾಡಿಗೆಯ ನೆರವು, ಮಗುವಿನ ಪಾಲನೆಯ ಕೇಸು ಎಂದಾಗ ಅಲ್ಲಿನ ಕಚೇರಿಗಳ ಹೆಸರೇ ಗೊತ್ತಿರುವುದಿಲ್ಲ. ಮೊದಲ ತಿಂಗಳಲ್ಲೇ ಆ ಊರಿನ ಸಹಾಯ ಕಚೇರಿಗಳ ಒಂದು ಪುಟದ ಪಟ್ಟಿಯನ್ನು ಸೂಪರ್‌ವೈಸರ್ ಜೊತೆ ಕೂತು ಮಾಡಿಕೊಳ್ಳಬೇಕು.

ತುರ್ತು ಬಂದ ದಿನ

ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟಿತು ಎಂದುಕೊಳ್ಳಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇದು ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಶಿಕ್ಷೆಯಿದೆ. ವಿದ್ಯಾರ್ಥಿ ಎಂಬ ವಿನಾಯಿತಿ ಇಲ್ಲ. ಆದ್ದರಿಂದಲೇ ಮೊದಲ ಸೆಷನ್‌ನಲ್ಲಿ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ‘ನಿನಗೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆಯವರ ಸಹಾಯ ತಗೋಬೇಕಾಗುತ್ತೆ’ ಎಂದು ಆರಂಭದಲ್ಲೇ ಹೇಳಿರಬೇಕು.

ಆ ಹೊತ್ತಿಗೆ ವಿದ್ಯಾರ್ಥಿಗೆ ಬೇಕಾದದ್ದು ಮುಂದಿನ ವಾರದ ಸೂಪರ್‌ವಿಷನ್ ಅಲ್ಲ, ಆ ಕ್ಷಣ ಎತ್ತುವ ಫೋನು. ಇಂಟರ್ನ್‌ಶಿಪ್ ಜಾಗದ ಒಬ್ಬರು, ಕಾಲೇಜಿನ ಒಬ್ಬರು, ಅವರು ಸಿಗದಿದ್ದರೆ ಮೂರನೆಯವರು ಎಂದು ಮೂರು ಹೆಸರು, ಮೂರು ನಂಬರು ಬರೆದು ಕೊಟ್ಟಿರಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಆ ಚೀಟಿಯಲ್ಲಿರಲಿ. ಕೆಲಸ ಮುಗಿದ ಮೇಲೆ ಅದೇ ದಿನ ಅರ್ಧ ಗಂಟೆ ಯಾರಾದರೂ ವಿದ್ಯಾರ್ಥಿಯ ಜೊತೆ ಕೂರಬೇಕು. ಉಳಿದ ಸೆಷನ್‌ಗಳನ್ನು ಆ ದಿನ ಮುಂದೂಡಲು ಅವರಿಗೆ ಅನುಮತಿಯಿರಬೇಕು. ಹಾಗೆ ಮಾಡಿದ್ದಕ್ಕೆ ಹಾಜರಿ ಕಡಿತವಾಗಬಾರದು.

ಶುಲ್ಕ ಕಟ್ಟುವ ಮೊದಲು ಕೇಳಬೇಕಾದದ್ದು

ಕಾಲೇಜಿನವರನ್ನು ಹೀಗೆ ಕೇಳಿ. ಎರಡು ವರ್ಷದಲ್ಲಿ ಎಷ್ಟು ನೇರ ಗಂಟೆ, ಎಷ್ಟು ಸೂಪರ್‌ವಿಷನ್ ಗಂಟೆ? ಸೂಪರ್‌ವೈಸರ್ ಸ್ವತಃ ಈಗಲೂ ಕ್ಲೈಂಟ್‌ಗಳನ್ನು ನೋಡುತ್ತಿದ್ದಾರೆಯೇ? ಗುಂಪಿನಲ್ಲಿ ಎಷ್ಟು ಜನ? ಇಂಟರ್ನ್‌ಶಿಪ್ ಜಾಗವನ್ನು ಕಾಲೇಜು ಹುಡುಕಿಕೊಡುತ್ತದೆಯೋ, ನಾವೇ ಅಲೆಯಬೇಕೋ? ಆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದವಿದೆಯೇ? ಗಂಟೆ ಪೂರ್ತಿಯಾಗದಿದ್ದರೆ ಏನು ಮಾಡುತ್ತೀರಿ? ಕನ್ನಡದಲ್ಲಿ ಸೆಷನ್ ನಡೆಸಿದರೆ ಅದನ್ನು ಕೇಳಿ ತಿದ್ದಬಲ್ಲವರು ವಿಭಾಗದಲ್ಲಿ ಇದ್ದಾರೆಯೇ?

ಉತ್ತರವನ್ನು ಬಾಯಿಮಾತಿಗೆ ಬಿಡದೆ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಸಾಧ್ಯವಾದರೆ ಈಗ ಎರಡನೇ ವರ್ಷದಲ್ಲಿರುವ ವಿದ್ಯಾರ್ಥಿಯೊಬ್ಬರನ್ನು ಕಂಡು ಒಂದೇ ಪ್ರಶ್ನೆ ಕೇಳಿ: ಕಳೆದ ತಿಂಗಳು ನಿಮ್ಮ ಸೆಷನ್‌ನ ಮುದ್ರಿಕೆಯನ್ನು ನಿಮ್ಮ ಸೂಪರ್‌ವೈಸರ್ ಎಷ್ಟು ಸಲ ಕೇಳಿದರು?